ಪ್ರಾಣತೋಷ್ ಬಾಬು ಸೋಪು ಬಿಟ್ಟದ್ದು

ಪ್ರಾಣತೋಷ್ ಸಮಾದ್ದಾರ್ ಬಾಬುವಿಗೆ ಸಕ್ಕರೆ ಕಾಯಿಲೆ ಇತ್ತು ಎಂದರೆ ಸುಳ್ಳಾಗುತ್ತದೆ. ಇರಲಿಲ್ಲ ಎಂದರೂ ಸುಳ್ಳೇ. ಚೈತ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಬರಿಹೊಟ್ಟೆಯ ಲೆಕ್ಕ ನೂರ ಹದಿನೆಂಟು ಬಂದು, "ಗಡಿಯಲ್ಲಿದ್ದೀರಿ, ಹುಷಾರು" ಎಂದು ಡಾಕ್ಟರು ಹೇಳಿದ್ದರು. ಗಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರ ಹೆಂಡತಿ ಮಂದಿರಾ ಕಾವಲಿಗೆ ನಿಂತಳು. ಮನೆಯ ಸಕ್ಕರೆ ಡಬ್ಬ ಬೀರುವಿನೊಳಗೆ ಹೋಯಿತು, ಬೀರುವಿನ ಬೀಗದ ಕೈ ಅವಳ ಸೆರಗಿನ ತುದಿಗೆ ಹೋಯಿತು. ಕಲ್ಕತ್ತೆಯ ಛತ್ರಿ ಕಂಪನಿಯೊಂದರಲ್ಲಿ ಹೆಡ್ ಕ್ಲರ್ಕ್ ಆಗಿ ಮೂವತ್ತು ವರ್ಷ ಮಾನವಾಗಿ ಬದುಕಿದ್ದ ಮನುಷ್ಯ ಸಪ್ಪೆ ಚಹಾ ಕುಡಿದು ಆಫೀಸಿಗೆ ಹೋಗುವಂತಾಯಿತು.

ಚಹಾದ ದುಃಖ ನುಂಗಿಕೊಳ್ಳಬಹುದಿತ್ತು. ನುಂಗಲಾರದ ದುಃಖ ಇನ್ನೊಂದಿತ್ತು. ಜ್ಯೇಷ್ಠ ಮಾಸದ ಅಳಿಯನ ಷಷ್ಠಿಗೆ ಎರಡು ವಾರ ಉಳಿದಿತ್ತು. ಆ ಒಂದು ದಿನ ಬಂಗಾಳದಲ್ಲಿ ಅಳಿಯನಾದವನು ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ, ಪುರೋಹಿತನಿಗಿಂತ ಒಂದು ಮೆಟ್ಟಿಲು ಮೇಲೆ ಇರುತ್ತಾನೆ. ಅತ್ತೆ ಹಣೆಗೆ ಮೊಸರಿನ ಬೊಟ್ಟಿಟ್ಟು, ಕೈಗೆ ಅರಿಸಿನದ ದಾರ ಕಟ್ಟಿ, ತಾಳೆಗರಿಯ ಬೀಸಣಿಗೆಯಿಂದ ಗಾಳಿ ಹಾಕಿ, ಅವನು ಸಾಕು ಎಂದ ಮೇಲೂ ಬಡಿಸುತ್ತಾಳೆ. ಪ್ರಾಣತೋಷ್ ಬಾಬುವಿನ ಅತ್ತೆ ಹೈಮವತಿ ದೇವಿ ಚಂದನನಗರದಲ್ಲಿ ಇದ್ದರು. ಎಂಬತ್ತೆರಡು ವಯಸ್ಸು. ಅವರ ಕೈಯ ಪಾಂತುವಾಕ್ಕೆ ಗಂಗೆಯ ಎರಡೂ ದಡದಲ್ಲಿ ಸಮ ಇರಲಿಲ್ಲ ಎಂದು ಪ್ರಾಣತೋಷ್ ಬಾಬು ಹೇಳುತ್ತಿದ್ದರು. ಒಡೆದ ಹಾಲಿನ ಹಸಿ ಚೆನ್ನಾವನ್ನು ಕಲಸಿ, ತುಪ್ಪದಲ್ಲಿ ಕಂದು ಬಣ್ಣಕ್ಕೆ ಕರಿದು, ಏಲಕ್ಕಿ ಪಾಕದಲ್ಲಿ ಮುಳುಗಿಸಿದ ಉಂಡೆ. ಮದುವೆಯಾದಾಗಿನಿಂದ ಒಂದು ವರ್ಷವೂ ಅವರು ಅದನ್ನು ತಪ್ಪಿಸಿರಲಿಲ್ಲ. ಒಮ್ಮೆ ಟೈಫಾಯ್ಡ್ ಜ್ವರದಲ್ಲೂ ಹೋಗಿ ತಿಂದು ಬಂದಿದ್ದರು.

"ಈ ಸಲ ಅಮ್ಮನಿಗೆ ಹೇಳ್ತೀನಿ, ನಿಮ್ಮ ತಟ್ಟೆಗೆ ಸೌತೆಕಾಯಿ," ಎಂದಳು ಮಂದಿರಾ.

"ಷಷ್ಠಿ ದಿನ ಸೌತೆಕಾಯೀನಾ?"

"ಹೆಚ್ಚಿ ಹಾಕ್ತಾರೆ, ಹಾಗೇ ಇಡಲ್ಲ."

ಆ ಬೆಳಗ್ಗೆ ಅವರು ಮನೆಯಿಂದ ಹೊರಟಾಗ ಓಣಿಯ ಬೆಕ್ಕೂ ಅವರ ಮುಖ ನೋಡಿ ದಾರಿ ಬಿಟ್ಟಿತು.

ಓಣಿಯ ಮೂಲೆಯಲ್ಲಿ ಒಂದು ಮರದ ಹಲಗೆ. ದಿನಾ ಬೆಳಗ್ಗೆ ಯಾರೋ ಅದಕ್ಕೆ ಪತ್ರಿಕೆ ಅಂಟಿಸುತ್ತಾರೆ, ಓಣಿಯ ಅರ್ಧ ಜನ ಅಲ್ಲೇ ನಿಂತು ಬಿಟ್ಟಿಯಾಗಿ ಲೋಕಜ್ಞಾನ ಪಡೆಯುತ್ತಾರೆ. ಪ್ರಾಣತೋಷ್ ಬಾಬು ಅಂದು ಮನಸ್ಸಿಲ್ಲದೆ ಕಣ್ಣಾಡಿಸಿದರು. ಕ್ರಿಮಿ ಕೊಲ್ಲುವ ಸೋಪು, ಟೂತ್‌ಪೇಸ್ಟು, ಕೈ ತೊಳೆಯುವ ದ್ರವಗಳಲ್ಲಿ ಹಾಕುವ ಕೆಲವು ರಾಸಾಯನಿಕಗಳು ಮೈಯೊಳಗೆ ಸೇರುತ್ತವಂತೆ. ಅವು ಮೂತ್ರದಲ್ಲಿ ಹೆಚ್ಚು ಕಂಡುಬಂದವರಲ್ಲಿ ಸಕ್ಕರೆ ಕಾಯಿಲೆಯೂ ಹೆಚ್ಚು ಕಂಡುಬಂದಿದೆಯಂತೆ. ಸುದ್ದಿ ಅಲ್ಲಿಗೆ ಮುಗಿದಿರಲಿಲ್ಲ. ಆದರೆ ಅದರ ಕೆಳಗಿನ ಅರ್ಧದ ಮೇಲೆ "ಗಣಿತದ ಭಯ ಬಿಡಿ" ಎಂಬ ಟ್ಯೂಷನ್ ಚೀಟಿಯನ್ನು ಯಾವನೋ ಗಟ್ಟಿಯಾಗಿ ಅಂಟಿಸಿಬಿಟ್ಟಿದ್ದ.

ಅರ್ಧ ಸುದ್ದಿಯಷ್ಟು ತೃಪ್ತಿ ಪೂರ್ತಿ ಸುದ್ದಿಯಲ್ಲಿ ಎಂದೂ ಸಿಗುವುದಿಲ್ಲ. ಪ್ರಾಣತೋಷ್ ಬಾಬು ಹಲಗೆಯ ಮುಂದೆ ಕಲ್ಲಾಗಿ ನಿಂತರು. ಹಾಗಾದರೆ ಪಾಂತುವಾ ಏನೂ ಮಾಡಿಲ್ಲ! ಅವರ ಅಜ್ಜ ಬರ್ದ್ವಾನ್ ಕಡೆಯ ಹಳ್ಳಿಯಲ್ಲಿ ದಿನಾ ಬೆಲ್ಲದ ಗಟ್ಟಿ ಕಡಿಯುತ್ತಿದ್ದರು, ಸಾಸಿವೆ ಎಣ್ಣೆ ಬಳಿದುಕೊಂಡು ಕೆರೆಯಲ್ಲಿ ಮುಳುಗೇಳುತ್ತಿದ್ದರು, ಸೋಪು ಕಂಡವರಲ್ಲ. ತೊಂಬತ್ತೊಂದರಲ್ಲಿ ಸತ್ತರು, ಅದೂ ಮಾವಿನ ಮರದಿಂದ ಬಿದ್ದು. ಈಗ ನೋಡಿದರೆ ಮನೆಮನೆಯಲ್ಲೂ ಸೋಪು, ಮನೆಮನೆಯಲ್ಲೂ ಸಕ್ಕರೆ ಕಾಯಿಲೆ. ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವುದೆಂದರೆ ಕೆಲವರಿಗೆ ಕಷ್ಟ. ಪ್ರಾಣತೋಷ್ ಬಾಬುವಿಗೆ ಅದು ಹುಟ್ಟಿನಿಂದಲೇ ಬಂದಿತ್ತು.

ಅಂದು ಅವರು ಆಫೀಸಿಗೆ ಹೋಗಲಿಲ್ಲ. ನೇರ ಮನೆಗೆ ಬಂದು ಬಚ್ಚಲಿಗೆ ನುಗ್ಗಿದರು. ಸೋಪು, ಪೇಸ್ಟು, ಪಂಪು ಒತ್ತಿದರೆ ನೊರೆ ಬರುವ ಬಾಟಲಿ, ಎಲ್ಲವನ್ನೂ ಹಳೆಯ ಬಕೆಟ್ಟಿಗೆ ತುಂಬಿ ಹೊರಗೆ ತಂದು ಮೆಟ್ಟಿಲ ಮೇಲೆ ಇಟ್ಟರು.

"ಏನ್ರೀ ಇದು?" ಎಂದಳು ಮಂದಿರಾ, ಈಳಿಗೆಯಲ್ಲಿ ಹೆಚ್ಚುತ್ತಿದ್ದ ಮೀನು ಕೈಯಲ್ಲೇ ಇತ್ತು.

"ಕಳ್ಳರು. ಮನೆಯೊಳಗೇ ಇದ್ರು. ನೀನು ಸಕ್ಕರೆ ಡಬ್ಬಕ್ಕೆ ಬೀಗ ಹಾಕಿದ್ದೀಯ, ಕಳ್ಳ ಬಚ್ಚಲಲ್ಲಿ ಕೂತಿದ್ದ."

ಅವರು ಹೇಳಿದ್ದನ್ನೆಲ್ಲ ಮಂದಿರಾ ಕೇಳಿಸಿಕೊಂಡಳು. ಮೀನು ಕೆಳಗಿಟ್ಟಳು. "ಅಂದ್ರೆ ನೀವು ಈ ಸೆಕೇಲಿ ಸೋಪಿಲ್ದೆ ಸ್ನಾನ ಮಾಡ್ತೀರ, ಅದಕ್ಕೆ ಬದಲಾಗಿ ಪಾಂತುವಾ ತಿಂತೀರ. ಇದಾ ವಿಜ್ಞಾನ?"

"ಹೌದು. ಹತ್ತು ದಿನ ಸೋಪು ಮುಟ್ಟಲ್ಲ. ಸಿಹಿ ಬಿಡಲ್ಲ. ಆಮೇಲೆ ರಕ್ತ ನೋಡಿಸು. ನಿನಗೇ ತಿಳಿಯತ್ತೆ."

ಮಂದಿರಾ ಸುಮ್ಮನೆ ಬೈದು ಬಿಡುವ ಹೆಂಗಸಲ್ಲ. ಅವಳಿಗೂ ಒಳಗೊಳಗೇ ಕುತೂಹಲ ಹುಟ್ಟಿತು, ಅದೇ ಈ ಕಥೆಯ ದುರದೃಷ್ಟ. "ಸರಿ. ಷಷ್ಠಿಗೆ ಮೊದಲು ನೋಡಿಸೋಣ. ಇಳಿದಿದ್ರೆ ಅಮ್ಮನ ಮನೇಲಿ ಪಾತ್ರೆಗೆ ಪಾತ್ರೆ ತಿನ್ನಿ, ನಾನು ಬಾಯಿ ಬಿಡಲ್ಲ. ಏರಿದ್ರೆ ಸೌತೆಕಾಯಿ. ಈ ವರ್ಷ ಅಲ್ಲ, ಇನ್ನು ಪ್ರತಿ ವರ್ಷ."

ಹೀಗೆ ಒಪ್ಪಂದವಾಯಿತು.

ಜ್ಯೇಷ್ಠದ ಕಲ್ಕತ್ತೆಯಲ್ಲಿ ಸೋಪು ಬಿಡುವುದು ಸಾಮಾನ್ಯ ವೀರರಿಂದಾಗುವ ಕೆಲಸವಲ್ಲ. ಪ್ರಾಣತೋಷ್ ಬಾಬು ಬೇವಿನ ಕಡ್ಡಿಯಿಂದ ಹಲ್ಲುಜ್ಜಿದರು, ಸಾಸಿವೆ ಎಣ್ಣೆ ಹಚ್ಚಿ ಬರೀ ನೀರು ಹುಯ್ದುಕೊಂಡರು. ಮೂರನೆಯ ದಿನದಿಂದ ಬಸ್ಸಿನಲ್ಲಿ ಅವರಿಗೆ ಕೂರಲು ಜಾಗ ಸಿಗತೊಡಗಿತು. ಮೊದಲು ಜನರ ಸೌಜನ್ಯವೆಂದುಕೊಂಡರು. ಐದನೆಯ ದಿನ ಪಕ್ಕದ ಸೀಟೂ ಖಾಲಿ ಉಳಿಯಿತು. ಆಫೀಸಿನಲ್ಲಿ ಮ್ಯಾನೇಜರು ಅವರ ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿದರು. ಅದಕ್ಕಾಗಿ ಪ್ರಾಣತೋಷ್ ಬಾಬು ಏಳು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದರು.

ಓಣಿಯಲ್ಲಿ ಸುದ್ದಿ ಹಬ್ಬಲು ಹೊತ್ತಾಗಲಿಲ್ಲ. ಮೊದಲು ಓಡಿ ಬಂದವನು ಮಿಠಾಯಿ ಅಂಗಡಿಯ ಗೋಷ್ಠ ಮೋದಕ್. ಊರಿಗೆಲ್ಲ ಸಿಹಿ ಮಾಡುವ ಅವನಿಗೇ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ತಾನು ಮಾಡಿದ ಸಂದೇಶ್ ಮಿಠಾಯಿಯ ರುಚಿ ಹೇಗಿದೆಯೆಂದು ಗಿರಾಕಿಗಳ ಮುಖ ನೋಡಿ ತಿಳಿಯುತ್ತಿದ್ದ.

"ಪ್ರಾಣತೋಷ್ ದಾ, ನಿಜಾನಾ? ಸಿಹಿದು ತಪ್ಪಿಲ್ವಾ?"

"ನೀನು ಯಾವ ಸೋಪು ಹಾಕ್ತೀಯ ಗೋಷ್ಠ?"

"ಕ್ರಿಮಿ ಕೊಲ್ಲೋದು. ಕೆಂಪಗಿರೋದು. ತಿಂಡಿ ಮಾಡೋ ಕೈ ಅಲ್ವಾ ದಾದಾ, ದಿನಕ್ಕೆ ಹತ್ತು ಸಲ ತೊಳೀತೀನಿ."

"ಇನ್ನೇನು ಬೇಕು!" ಪ್ರಾಣತೋಷ್ ಬಾಬು ಜಗಲಿಯ ಮೇಲೆ ಕೂತಿದ್ದವರೆಲ್ಲರ ಕಡೆ ಕೈ ಚಾಚಿ, "ನೋಡ್ರಪ್ಪಾ, ಈ ಮನುಷ್ಯ ಒಂದು ಸಂದೇಶ್ ಬಾಯಿಗಿಟ್ಟಿಲ್ಲ. ಸೋಪು ಬಿಟ್ಟಿಲ್ಲ. ಕಾಯಿಲೆ ಎಲ್ಲಿಂದ ಬಂತು?" ಎಂದು ಕೇಳಿದರು.

ಜಗಲಿಯವರು ಬಾಯಿ ತೆರೆದು ಕೂತರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಕಲ್ಕತ್ತೆಯವರು ಅದಕ್ಕೆ ಮೊದಲು ಕರುವಿನ ಬಗ್ಗೆ ಎರಡು ಗಂಟೆ ಚರ್ಚೆ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ. ಸಂಜೆಯ ಹೊತ್ತಿಗೆ ಗೋಷ್ಠನ ಅಂಗಡಿಯ ಮುಂದಿನ ಕಪ್ಪುಹಲಗೆಯ ಮೇಲೆ ಸುಣ್ಣದಕಡ್ಡಿಯ ಬರಹ ಬಂತು: "ಸಿಹಿ ನಿರಪರಾಧಿ. ವಿವರಕ್ಕೆ ಸಮಾದ್ದಾರ್ ಬಾಬುವನ್ನು ಕಾಣಿರಿ."

ಎದುರಿನಲ್ಲೇ ಬಲರಾಮ್ ಸಾಹಾನ ಸೋಪು, ಎಣ್ಣೆ, ಸ್ನೋ, ಪೌಡರಿನ ಅಂಗಡಿ. ಹಲಗೆ ಓದಿದ್ದೇ ಅವನು ಲುಂಗಿ ಮೇಲೆತ್ತಿ ರಸ್ತೆ ದಾಟಿದ.

"ದಾದಾ, ನಾನೇನು ನಿಮಗೆ ಕೆಟ್ಟದ್ದು ಮಾಡಿದ್ದೆ? ನಾನು ಸೋಪಿನ ಮಧ್ಯೇನೇ ಮಲಗೋನು. ಗೋಣೀಲಿ ಸೋಪು, ತಲೆದಿಂಬಿನ ಪಕ್ಕ ಸೋಪು. ನನಗೆ ಯಾಕೆ ಸಕ್ಕರೆ ಬಂದಿಲ್ಲ?"

"ಮಾರೋದು ಬೇರೆ, ಹಚ್ಕೊಳ್ಳೋದು ಬೇರೆ. ನಿನ್ನ ಕುತ್ತಿಗೆ ನೋಡು," ಎಂದ ಗೋಷ್ಠ.

ಇಬ್ಬರನ್ನೂ ಬಿಡಿಸಲು ನಾಲ್ಕು ಜನ ಬೇಕಾಯಿತು. ಮರುದಿನದಿಂದ ಓಣಿ ಇಬ್ಭಾಗವಾಯಿತು. ಇಲೀಶ್ ಮೀನು ಮೇಲೋ ಸೀಗಡಿ ಮೇಲೋ ಎಂದು ಮೂರು ತಲೆಮಾರಿನಿಂದ ಜಗಳ ಮಾಡಿ ಕೈ ಪಳಗಿದ್ದ ಜನ, ಸೋಪು ಪಕ್ಷ ಮತ್ತು ಸಿಹಿ ಪಕ್ಷವಾಗಿ ಜಗಲಿಯ ಎರಡು ತುದಿಯಲ್ಲಿ ಕೂತರು. ಸಿಹಿ ಪಕ್ಷದವರು ಎಲ್ಲಿ ಕೂತಿದ್ದಾರೆಂದು ಕಣ್ಣು ಮುಚ್ಚಿಯೂ ಹೇಳಬಹುದಿತ್ತು. ಕೊನೆಗೆ ಓಣಿಯ ಕ್ಲಬ್ಬಿನವರು ಸಭೆ ಸೇರಿ, ಷಷ್ಠಿಗೆ ಮುಂಚಿನ ಭಾನುವಾರ ಬೆಳಗ್ಗೆ ಗೋಷ್ಠನ ಅಂಗಡಿಯ ಮುಂದೆ ಬಹಿರಂಗವಾಗಿ ಪ್ರಾಣತೋಷ್ ಬಾಬುವಿನ ರಕ್ತ ನೋಡುವುದೆಂದು ತೀರ್ಮಾನಿಸಿದರು.

ರಕ್ತ ನೋಡಲು ಬಂದವಳು ಡಾಕ್ಟರ್ ಶ್ರೀಪರ್ಣಾ. ದೊಡ್ಡ ಆಸ್ಪತ್ರೆಯಲ್ಲಿ ಕೆಲಸ, ಹೆಸರಿನ ಮುಂದೆ ಸಾಲು ಅಕ್ಷರ. ಆದರೆ ಹುಟ್ಟಿ ಬೆಳೆದದ್ದು ಇದೇ ಓಣಿಯಲ್ಲಿ, ಆದ್ದರಿಂದ ಓಣಿಗೆ ಅವಳು ಮನೆಯ ಹೆಸರಿನ ಝುಮ್ರಿಯೇ. ಮೂಗು ಸುರಿಸಿಕೊಂಡು ಓಡಾಡಿದ್ದನ್ನು ನೋಡಿದವರ ಮುಂದೆ ಯಾವ ಪದವಿಯೂ ನಿಲ್ಲುವುದಿಲ್ಲ.

"ಕಾಕು, ಏನೂ ತಿಂದಿಲ್ಲ ತಾನೇ?" ಎಂದು ಝುಮ್ರಿ ಪ್ರಾಣತೋಷ್ ಬಾಬುವನ್ನು ಚಿಕ್ಕಪ್ಪನ ಸಲಿಗೆಯಲ್ಲಿ ಕೇಳಿದಳು.

"ನಿನ್ನೆ ರಾತ್ರಿಯಿಂದ ನೀರು ಬಿಟ್ಟು ಏನೂ ಇಲ್ಲಮ್ಮ."

ಅದು ನಿಜ. ತಿಂದಿರಲಿಲ್ಲ. ಆದರೆ ಗೆದ್ದ ಕ್ಷಣದಲ್ಲೇ ಬಾಯಿಗೆ ಬೀಳಲೆಂದು ಗೋಷ್ಠ ಒಂದು ಎಲೆಯ ದೊನ್ನೆಯಲ್ಲಿ ಪಾಂತುವಾ ಹಾಕಿ ಕೈಗೆ ಕೊಟ್ಟಿದ್ದ. ಪ್ರಾಣತೋಷ್ ಬಾಬು ಅದನ್ನು ಬಲಗೈಯಲ್ಲಿ ಹಿಡಿದು ಎಷ್ಟೋ ಹೊತ್ತಿನಿಂದ ನಿಂತಿದ್ದರು. ದೊನ್ನೆಯ ತೂತಿನಿಂದ ಪಾಕ ಬೆರಳ ಮೇಲೆ ಇಳಿದಿತ್ತು. ಝುಮ್ರಿ ಸೂಜಿ ತೆಗೆದಾಗ ಅವರು ದೊನ್ನೆಯನ್ನು ಎಡಗೈಗೆ ಬದಲಾಯಿಸಿ, ಬಲಗೈಯನ್ನು ಪಂಚೆಗೆ ಒರೆಸಿ, ಧೈರ್ಯವಾಗಿ ಮುಂದೆ ಚಾಚಿದರು. ತೊಳೆಯುವ ಮಾತೇ ಇರಲಿಲ್ಲ. ಝುಮ್ರಿಗೂ ಆ ಗದ್ದಲದಲ್ಲಿ ಬೆರಳು ನೋಡಲು ವ್ಯವಧಾನ ಇರಲಿಲ್ಲ, ಸೋಪು ಪಕ್ಷದವರು ಅವಳ ಹೆಗಲ ಮೇಲೆಯೇ ಬಿದ್ದಿದ್ದರು.

ಯಂತ್ರ ಕುಂಯ್ ಎಂದಿತು.

"ಎಷ್ಟು?" ಎಂದರು ಎರಡೂ ಪಕ್ಷದವರು.

ಝುಮ್ರಿ ಯಂತ್ರವನ್ನು ಇನ್ನೊಮ್ಮೆ ನೋಡಿ, "ನಾನೂರ ಎಂಬತ್ತಾರು," ಎಂದಳು.

ಆಮೇಲೆ ನಡೆದದ್ದನ್ನು ಓಣಿಯವರು ಇಂದಿಗೂ ಬೇರೆ ಬೇರೆಯಾಗಿ ಹೇಳುತ್ತಾರೆ. ಮಂದಿರಾ "ಅಯ್ಯೋ ನನ್ನ ಕರ್ಮವೇ" ಎಂದು ಜಗಲಿಯ ಮೇಲೆ ಕುಸಿದಳು. ಸಾಹಾ ಚಪ್ಪಾಳೆ ತಟ್ಟಲು ಕೈ ಎತ್ತಿದವನು, ಸಾಯುವವನ ಎದುರು ತಟ್ಟಬಾರದೆಂದು ಹೊಳೆದು ಆ ಕೈಗಳನ್ನು ಮುಗಿದು ನಿಂತ. ಯಾರೋ ರಿಕ್ಷಾ ಕೂಗಿದರು, ಯಾರೋ ಗಾಳಿ ಹಾಕಲು ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ತಂದರು. ಪ್ರಾಣತೋಷ್ ಬಾಬುವಿಗೆ ಆ ಅಂಕಿ ಕೇಳುವವರೆಗೆ ಏನೂ ಆಗಿರಲಿಲ್ಲ. ಕೇಳಿದ ಕೂಡಲೇ ಕಣ್ಣು ಮಂಜಾಯಿತು, ಬಾಯಾರಿತು, ಕಾಲು ಜೋಮು ಹಿಡಿಯಿತು.

"ಮಂದಿರಾ," ಎಂದರು ಕ್ಷೀಣವಾಗಿ, "ಬೀರುವಿನ ಬೀಗದ ಕೈ ನೀನೇ ಇಟ್ಕೊ."

"ಬೀಗದ ಕೈ ನನ್ನ ಹತ್ರಾನೇ ಇದೆ ಕಣ್ರೀ!" ಎಂದು ಅವಳು ಇನ್ನೂ ಜೋರಾಗಿ ಅತ್ತಳು.

ಝುಮ್ರಿ ಮಾತ್ರ ಹುಬ್ಬು ಗಂಟಿಕ್ಕಿ ಅವರ ಬೆರಳನ್ನೇ ನೋಡುತ್ತಿದ್ದಳು. ಬೆರಳ ಮೇಲೆ ಒಂದು ಇರುವೆ ಹತ್ತಿತ್ತು. ಅವಳು ಬೆರಳನ್ನು ಮೂಗಿನ ಹತ್ತಿರ ತಂದಳು.

"ಕಾಕು, ಇದು ಏಲಕ್ಕಿ ವಾಸನೆ. ಬೆರಳಿಗೆ ಪಾಕ ಅಂಟಿದೆ. ಹೋಗಿ ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ, ಇನ್ನೊಂದು ಸಲ ನೋಡೋಣ."

ಸಾಯುತ್ತಿದ್ದ ಪ್ರಾಣತೋಷ್ ಬಾಬು ಧಡಕ್ಕನೆ ಎದ್ದು ಕೂತರು. "ಸೋಪಾ? ಪ್ರಾಣ ಹೋದ್ರೂ ಮುಟ್ಟಲ್ಲ. ಒಂಬತ್ತು ದಿನದ ತಪಸ್ಸು!"

"ಪ್ರಾಣ ಆಮೇಲೆ ಹೋಗ್ಲಿ, ಮೊದಲು ಕೈ ತೊಳೀರಿ," ಎಂದು ಮಂದಿರಾ ಎದ್ದಳು. ಕುಸಿದಿದ್ದವಳು ಹೇಗೆ ಎದ್ದಳೋ ತಿಳಿಯದು. ಗಂಡನ ರಟ್ಟೆ ಹಿಡಿದು ಮೂಲೆಯ ಕೈಪಂಪಿನ ಬಳಿಗೆ ಎಳೆದುಕೊಂಡು ಹೋದಳು. ಸಾಹಾ ಅಂಗಡಿಯಿಂದ ಹೊಸ ಸೋಪು ಒಡೆದು ತಂದ. ಅವಳು ಮಕ್ಕಳ ಕೈ ತೊಳೆಸಿದಂತೆ ಉಗುರಿನ ಸಂದಿಯವರೆಗೆ ತಿಕ್ಕಿದಳು. ಪ್ರಾಣತೋಷ್ ಬಾಬು ಮುಖ ಆಕಡೆ ತಿರುಗಿಸಿದ್ದರು.

ಯಂತ್ರ ಮತ್ತೆ ಕುಂಯ್ ಎಂದಿತು. ನೂರ ಹದಿನೆಂಟು.

ಎರಡೂ ಪಕ್ಷದವರು ಯಂತ್ರದ ಮೇಲೆ ಬಗ್ಗಿ ನೋಡಿದರು. ಆಮೇಲೆ ಸಾಹಾ ಮೆಲ್ಲನೆ, ಆದರೆ ಎಲ್ಲರಿಗೂ ಕೇಳುವಂತೆ, "ಒಂದೇ ಸಲ ಕೈ ತೊಳೆದಿದ್ದಕ್ಕೆ ಇಷ್ಟು ಇಳೀತು," ಎಂದ.

ಝುಮ್ರಿ ಕೂಗಿ ಕೂಗಿ ಹೇಳಿದಳು. ಪಾಕ ರಕ್ತದಲ್ಲಿರಲಿಲ್ಲ, ಬೆರಳ ಮೇಲಿತ್ತು. ಸೋಪು ರಕ್ತಕ್ಕೆ ಏನೂ ಮಾಡಿಲ್ಲ, ಬೆರಳಿಗೆ ಮಾಡಿದೆ. ಆ ಪತ್ರಿಕೆಯ ಸುದ್ದಿ ಸುಳ್ಳಲ್ಲ, ವಿಜ್ಞಾನಿಗಳು ಅದರ ಹಿಂದೆ ಬಿದ್ದಿದ್ದಾರೆ. ಎರಡೂ ಒಟ್ಟಿಗೆ ಕಾಣುತ್ತವೆ, ಒಂದರಿಂದ ಇನ್ನೊಂದು ಬರುತ್ತದೆಯೇ ಎಂದು ಇನ್ನೂ ಯಾರಿಗೂ ಗೊತ್ತಿಲ್ಲ. ಮನೆಮಂದಿಗೆ ಕ್ರಿಮಿ ಕೊಲ್ಲುವ ಔಷಧ ಹಾಕಿದ ಸೋಪೇ ಬೇಕೆಂದಿಲ್ಲ, ಸಾದಾ ಸೋಪು ಸಾಕು. "ಆದ್ರೆ ಸಿಹಿ ತಿನ್ನಿ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ ಕಾಕು! ಇನ್ನೊಬ್ಬನ ಮೇಲೆ ಅನುಮಾನ ಬಂತು ಅಂತ ಜೈಲಲ್ಲಿದ್ದವನನ್ನ ಬಿಟ್ಟುಬಿಡ್ತಾರಾ?"

ಇಷ್ಟು ಸ್ಪಷ್ಟವಾದ ಮಾತನ್ನು ಯಾರೂ ನಂಬಲಿಲ್ಲ. "ಝುಮ್ರಿ ಇನ್ನೂ ಚಿಕ್ಕವಳು," ಎಂದರು ಹಿರಿಯರು. ಸಂಜೆಯೊಳಗೆ ಸಾಹಾನ ಅಂಗಡಿಯ ಮುಂದೆ "ಸಕ್ಕರೆ ಇಳಿಸುವ ಸೋಪು" ಎಂಬ ಹಲಗೆ ಬಂತು. ಗೋಷ್ಠನೇ ಕತ್ತಲಾದ ಮೇಲೆ ಮುಖಕ್ಕೆ ಟವಲು ಸುತ್ತಿಕೊಂಡು ಹೋಗಿ ಎರಡು ಸೋಪು ತಂದ.

ಇಡೀ ಓಣಿ ದಾರಿ ತಪ್ಪಿದಾಗ ಬೆರಳ ಮೇಲಿನ ಪಾಕದ ವಿಷಯವನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಪ್ರಾಣತೋಷ್ ಬಾಬು ಒಬ್ಬರೇ. ಜೀವನದಲ್ಲಿ ಮೊದಲ ಸಲ ಹಾಗಾಗಿದ್ದರಿಂದ ಅವರು ಅಲ್ಲಿಗೆ ನಿಲ್ಲಲಿಲ್ಲ.

"ನೋಡು ಮಂದಿರಾ. ಮೊದಲು ನೂರ ಹದಿನೆಂಟು. ಒಂಬತ್ತು ದಿನ ಗೋಷ್ಠನ ಅಂಗಡೀಲಿ ತಿಂದೆ, ಈಗಲೂ ನೂರ ಹದಿನೆಂಟು. ಅಂದ್ರೆ ಸಿಹಿ ಏರಿಸಿದ್ದಷ್ಟನ್ನೂ ಸೋಪಿಲ್ದಿರೋದು ಇಳಿಸಿದೆ. ಸೋಪು ಬಿಟ್ಟಿದ್ರಿಂದಲೇ ನಾನು ಬದುಕಿರೋದು."

"ಇಳಿದಿದ್ರೆ ಪಾಂತುವಾ ಅಂತ ಮಾತು. ಎಲ್ಲಿ ಇಳೀತು?"

"ಏರಿದ್ರೆ ಸೌತೆಕಾಯಿ ಅಂತಲೂ ಮಾತು. ಎಲ್ಲಿ ಏರಿತು?"

"ಅಮ್ಮ ಹೇಳಿದ ಹಾಗೆ ಆಗ್ಲಿ," ಎಂದು ಮಂದಿರಾ ಸೋಮವಾರ ಮಧ್ಯಾಹ್ನ ಚಂದನನಗರಕ್ಕೆ ಫೋನು ಮಾಡಿ ಆದದ್ದನ್ನೆಲ್ಲ ಹೇಳಿದಳು. ಹೈಮವತಿ ದೇವಿ ಎಲ್ಲ ಕೇಳಿ, "ಸೋಪಾ?" ಎಂದು ಒಂದೇ ಮಾತು ಕೇಳಿ ಫೋನಿಟ್ಟರು.

ಇಲ್ಲಿ ಹೈಮವತಿ ದೇವಿಯ ಬಗ್ಗೆ ಒಂದು ಮಾತು ಹೇಳಬೇಕು. ಅವರು ಮಡಿಯ ಹುಚ್ಚಿನವರು. ಬಂಗಾಳದ ಹಳೆಯ ಮನೆಗಳಲ್ಲಿ ಇಂಥ ಒಬ್ಬಿಬ್ಬರು ಇರುತ್ತಿದ್ದರು, ಹೈಮವತಿ ದೇವಿ ನಾಲ್ಕು ಜನಕ್ಕೆ ಸಾಕಾಗುವಷ್ಟಿದ್ದರು. ಬಾಗಿಲ ಚಿಲಕ ಮುಟ್ಟಿದರೆ ಕೈ ತೊಳೆಯುತ್ತಿದ್ದರು, ತೊಳೆದ ನಲ್ಲಿಯನ್ನು ತೊಳೆಯುತ್ತಿದ್ದರು, ನಲ್ಲಿ ತೊಳೆದ ಕೈಯನ್ನು ಮತ್ತೆ ತೊಳೆಯುತ್ತಿದ್ದರು. ಮನೆಯ ಹೊಸ್ತಿಲಲ್ಲಿ ಯಾವಾಗಲೂ ಒಂದು ಬಕೆಟ್ಟು ನೀರು, ಒಂದು ಕೆಂಪು ಸೋಪು. ಅಲ್ಲಿ ಕೈಕಾಲು ತೊಳೆಯದೆ ಜಿಲ್ಲಾಧಿಕಾರಿಯೂ ಒಳಗೆ ಬರುವಂತಿರಲಿಲ್ಲ. ಷಷ್ಠಿಯ ದಿನ, ಬುಧವಾರ, ಪ್ರಾಣತೋಷ್ ಬಾಬು ಮಂದಿರಾಳ ಜೊತೆ ಹೌರಾದಿಂದ ಲೋಕಲ್ ರೈಲು ಹತ್ತಿದಾಗ ದಾರಿಯುದ್ದಕ್ಕೂ ಅದೇ ಚಿಂತೆ. ಸೋಪು ಮುಟ್ಟಿದರೆ ವಾದ ಬಿದ್ದು ಹೋಗುತ್ತದೆ. ಮುಟ್ಟದಿದ್ದರೆ ಹೊಸ್ತಿಲು ದಾಟುವುದಿಲ್ಲ. ಪಾಂತುವಾ ಹೊಸ್ತಿಲಿನ ಆಚೆ ಇದೆ. ಒಂದು ಕೈಯಲ್ಲಿ ಅತ್ತೆಗೆ ತಂದ ಸೀರೆ, ಇನ್ನೊಂದರಲ್ಲಿ ಬಾಲ ಹೊರಗೆ ಬಿಟ್ಟ ದೊಡ್ಡ ಮೀನು. ಬೋಗಿಯಲ್ಲಿ ಅವರ ಸುತ್ತ ಎಂದಿನಂತೆ ಜಾಗ ಬೇಕಾದಷ್ಟಿತ್ತು. ಇಂದು ಅದಕ್ಕೆ ಮೀನೂ ಕಾರಣವಿರಬಹುದು.

ಹೊಸ್ತಿಲಲ್ಲಿ ಬಕೆಟ್ಟು ಇರಲಿಲ್ಲ. ಸೋಪೂ ಇರಲಿಲ್ಲ.

ಪ್ರಾಣತೋಷ್ ಬಾಬು ಬೇರೆ ಮನೆಗೆ ಬಂದೆನೇ ಎಂದು ಎರಡು ಹೆಜ್ಜೆ ಹಿಂದೆ ಬಂದು ಬಾಗಿಲು ನೋಡಿದರು. ಮಂದಿರಾಳ ಮುಖ ಬಿಳಚಿತು. "ಅಮ್ಮಾ! ಹುಷಾರಾಗಿದ್ದೀಯ?"

"ಬನ್ನಿ, ಒಳಗೆ ಬನ್ನಿ, ಹಾಗೇ ಬನ್ನಿ," ಎಂದು ಒಳಗಿನಿಂದ ಕ್ಷೀಣ ದನಿ ಬಂತು.

ನಡುಮನೆಯಲ್ಲಿ ಅಳಿಯನಿಗೆ ಕಸೂತಿಯ ಆಸನ ಹಾಸಿತ್ತು. ಮುಂದೆ ಕಂಚಿನ ತಟ್ಟೆ, ಸುತ್ತ ಬಟ್ಟಲುಗಳು. ಮೈದಾ ಪೂರಿಯಂಥ ಲೂಚಿ, ಬದನೆಕಾಯಿ, ಇಲೀಶ್, ಮಾಂಸ, ಮಾವು. ಅಡುಗೆಯನ್ನು ಪಕ್ಕದ ಮನೆಯ ಸೊಸೆ ಬಂದು ಮಾಡಿ ಹೋಗಿದ್ದಳಂತೆ. ಹೈಮವತಿ ದೇವಿ ಗೋಡೆಗೆ ಒರಗಿ ನಿಂತಿದ್ದರು, ಎರಡು ಕೈಯನ್ನೂ ಬೆನ್ನ ಹಿಂದೆ ಇಟ್ಟುಕೊಂಡು. ಎರಡೇ ದಿನದಲ್ಲಿ ಮುಖ ಇಳಿದು ಹೋಗಿತ್ತು.

"ಕೈಗೇನಾಯ್ತು ಅಮ್ಮ?" ಎಂದರು ಪ್ರಾಣತೋಷ್ ಬಾಬು.

"ಏನೂ ಇಲ್ಲ ನನ್ನಪ್ಪಾ. ಸೋಪು ಬಿಟ್ಟೆ."

"ನೀವಾ?"

"ನಿನಗೆ ಸಕ್ಕರೆ ಬರೋದು ಸೋಪಿಂದ ಅಂತ ಮಂದಿರಾ ಹೇಳಿದ್ಲು. ಪ್ರತಿ ವರ್ಷ ಈ ಹೊಸ್ತಿಲಲ್ಲಿ ನಿನ್ನ ಕೈಗೆ ಸೋಪು ಕೊಟ್ಟೋಳು ನಾನು. ನನ್ನ ಕೈಯಿಂದಲೇ ನಿನಗೆ ಕಾಯಿಲೆ ಹಚ್ಚಿದ ಹಾಗಾಯ್ತಲ್ಲ. ಅವತ್ತೇ ಎಲ್ಲ ತೆಗೆದು ಗಂಗೆಗೆ ಹಾಕಿಸಿದೆ."

ಪ್ರಾಣತೋಷ್ ಬಾಬುವಿನ ಬಾಯಿ ಒಣಗಿತು. ಈ ಸಲ ಯಾವ ಯಂತ್ರವೂ ಅದಕ್ಕೆ ಕಾರಣವಾಗಿರಲಿಲ್ಲ.

"ಊಟ ಮಾಡಿದ್ಯಾ ಅಮ್ಮ?" ಎಂದು ಮಂದಿರಾ ಕೇಳಿದಳು.

"ಮಾಡಿದೆ, ಮಾಡಿದೆ. ಚಮಚದಲ್ಲಿ." ಎಂಬತ್ತೆರಡು ವರ್ಷ ಚಮಚ ಮುಟ್ಟದ ಹೆಂಗಸು ಆ ಮಾತು ಹೇಳುವಾಗ ನೆಲ ನೋಡಿದರು. "ದೇವರ ಕೋಣೆಗೆ ಹೋಗಿಲ್ಲ. ಬಾಗಿಲಲ್ಲೇ ನಿಂತು ಕೈ ಮುಗಿದೆ. ಅದೂ ಪೂರ್ತಿ ಮುಗೀಲಿಲ್ಲ, ಒಂದು ಕೈ ಇನ್ನೊಂದನ್ನ ಮುಟ್ಟಕ್ಕೆ ಹೇಸತ್ತೆ."

ಅವರ ಪಕ್ಕದಲ್ಲಿ ಮೊಸರಿನ ಬಟ್ಟಲು, ಗರಿಕೆ, ಅರಿಸಿನದ ದಾರ, ಒದ್ದೆ ಮಾಡಿದ ಬೀಸಣಿಗೆ ಎಲ್ಲ ಸಿದ್ಧವಾಗಿದ್ದವು. ಮುಹೂರ್ತ ಮೀರುತ್ತಿತ್ತು. ಅವರು ಬೆನ್ನ ಹಿಂದಿನಿಂದ ಒಂದು ಕೈ ತೆಗೆದು ಮೊಸರಿನ ಹತ್ತಿರ ತಂದರು, ಮತ್ತೆ ಹಿಂದಕ್ಕೆ ಎಳೆದುಕೊಂಡರು.

"ಈ ಕೈಯಲ್ಲಿ ನಿನ್ನ ಹಣೆ ಹೇಗೆ ಮುಟ್ಟಲಿ ನನ್ನಪ್ಪಾ? ಪಾಂತುವಾ ಸೋಮವಾರ ಬೆಳಗ್ಗೇನೇ ಮಾಡಿಟ್ಟೆ, ಫೋನು ಬರೋಕೆ ಮುಂಚೆ. ಅದು ಶುದ್ಧವಾಗಿದೆ. ಆಮೇಲೆ ನಾನು ಆ ಪಾತ್ರೆ ಮುಟ್ಟಿಲ್ಲ." ಮೂಲೆಯಲ್ಲಿ ಬಿಳಿ ಬಟ್ಟೆ ಮುಚ್ಚಿದ ದೊಡ್ಡ ಪಾತ್ರೆ. ಏಲಕ್ಕಿಯ ವಾಸನೆ ಅಲ್ಲಿಂದಲೇ ಬರುತ್ತಿತ್ತು. "ನೀನೇ ಹೇಳು. ನೀನು ಓದಿದೋನು. ಕಳ್ಳ ಯಾರು? ಸೋಪಾದ್ರೆ ಆ ಪಾತ್ರೆ ನಿನ್ನದು, ನಾನು ಇನ್ನು ಸಾಯೋವರೆಗೂ ಸೋಪು ಮುಟ್ಟಲ್ಲ. ಷಷ್ಠಿ ದಿನ ಅಳಿಯನ ಬಾಯಲ್ಲಿ ಬಂದದ್ದೇ ಮಾತು."

ಮಂದಿರಾ ಗಂಡನ ಮುಖವನ್ನು ಬಹಳ ಕುತೂಹಲದಿಂದ ನೋಡಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ಆ ತಲೆಯೊಳಗೆ ಮುಂದೆ ಏನು ಹುಟ್ಟುತ್ತದೆಂದು ಅವಳಿಗೆ ಮೊದಲೇ ತಿಳಿದದ್ದಿಲ್ಲ.

ಪ್ರಾಣತೋಷ್ ಬಾಬು ಪಾತ್ರೆ ನೋಡಿದರು. ಬಟ್ಟೆಯ ಅಂಚು ಒಂದು ಕಡೆ ಪಾಕ ಹೀರಿ ಕಂದಾಗಿತ್ತು. ಅವರು ಅತ್ತೆಯ ಕಡೆ ನೋಡಿದರು. ಬೆನ್ನ ಹಿಂದೆ ಬೆರಳುಗಳು ಒಂದನ್ನೊಂದು ಸೆರಗಿಗೆ ಒರೆಸುತ್ತಲೇ ಇದ್ದವು, ಸೆರಗು ಅಲುಗುತ್ತಿತ್ತು. ತಿರುಗಿ ಪಾತ್ರೆ ನೋಡಿದರು. ವಾದ ಎಲ್ಲಿಗೆ ಬಂದಿತ್ತೆಂದರೆ, ಒಂದು ಮಾತು ಹೇಳಿದರೆ ಗೆದ್ದಂತೆ. ಓಣಿ, ಹೆಂಡತಿ, ವಿಜ್ಞಾನ, ಎಲ್ಲರ ಮೇಲೆ ಗೆದ್ದಂತೆ. ಅವರಿಗೆ ಗೆದ್ದು ಅಭ್ಯಾಸವೂ ಇರಲಿಲ್ಲ.

"ಸೋಪಲ್ಲ ಅಮ್ಮ," ಎಂದರು.

"ಏನಂದೆ?"

"ನಾನು ಅರ್ಧ ಓದಿದ್ದೆ. ಸಾದಾ ಸೋಪು ಏನೂ ಮಾಡಲ್ಲ ಅಂತ ಝುಮ್ರಿ ಹೇಳಿದ್ಲು. ಡಾಕ್ಟರು ಅವಳು. ಕಳ್ಳ ಸೋಪಲ್ಲ." ಪಾತ್ರೆಯಿಂದ ಕಣ್ಣು ಕಿತ್ತು, "ಸಿಹಿ," ಎಂದರು.

"ನಿಜವಾಗ್ಲೂ?"

"ಷಷ್ಠಿ ದಿನ ಸುಳ್ಳು ಹೇಳ್ತೀನಾ?"

ಹೈಮವತಿ ದೇವಿ ಕಾಯಲಿಲ್ಲ. ಮಂಡಿನೋವಿನ ಹೆಂಗಸು ಹಿತ್ತಲಿಗೆ ಓಡಿದರು. ಎಲ್ಲವನ್ನೂ ಗಂಗೆಗೆ ಹಾಕಿಸಿದೆನೆಂದು ಹೇಳಿದ್ದರೂ ಎಲ್ಲೋ ಹೂಕುಂಡದ ಹಿಂದೆ ಒಂದು ಕೆಂಪು ಸೋಪು ಉಳಿದಿತ್ತೆಂದು ಕಾಣುತ್ತದೆ. ನೀರು ಬೀಳುವ ಸದ್ದು ಶುರುವಾಯಿತು, ನಿಲ್ಲಲಿಲ್ಲ. ಒಳಗೆ ಲೂಚಿ ಆರಿತು, ಇಲೀಶ್ ಆರಿತು. ಮಂದಿರಾ ಗಂಡನ ಎದುರು ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು. ಹೆಚ್ಚುವಾಗ ಕಣ್ಣು ಒರೆಸಿಕೊಂಡಳು. ಸೌತೆಕಾಯಿಗೆ ಯಾರಿಗೂ ಕಣ್ಣಲ್ಲಿ ನೀರು ಬರುವುದಿಲ್ಲ.

"ಅದು ಸಾದಾ ಸೋಪಲ್ಲ, ಕ್ರಿಮಿ ಕೊಲ್ಲೋದು," ಎಂದಳು ತಗ್ಗಿದ ದನಿಯಲ್ಲಿ.

"ಮುಂದಿನ ತಿಂಗಳು ಸಾದಾ ತಂದು ಕೊಡೋಣ. ಇವತ್ತು ತೊಳ್ಕೊಳ್ಲಿ ಬಿಡು," ಎಂದರು ಪ್ರಾಣತೋಷ್ ಬಾಬು.

ಹೈಮವತಿ ದೇವಿ ಬಂದಾಗ ಕೈಗಳು ಬೆಂದ ಸೀಗಡಿಯಂತೆ ಕೆಂಪಾಗಿ ಹೊಳೆಯುತ್ತಿದ್ದವು, ಮುಖವೂ ಹೊಳೆಯುತ್ತಿತ್ತು. ಮೊಸರಿನ ಬೊಟ್ಟಿಟ್ಟರು, ದಾರ ಕಟ್ಟಿದರು, "ಷಾಟ್ ಷಾಟ್" ಎಂದು ಹರಸಿ ಬೀಸಣಿಗೆಯಿಂದ ತಣ್ಣನೆಯ ನೀರು ಚಿಮುಕಿಸುತ್ತ ಗಾಳಿ ಹಾಕಿದರು. ಹತ್ತಿರ ಬಂದಾಗ ಅಳಿಯನ ಮೈಯ ವಾಸನೆ ತಾಗಿ ಒಂದು ಕ್ಷಣ ಬೀಸಣಿಗೆ ನಿಂತಿತು. ಆಮೇಲೆ ಇನ್ನಷ್ಟು ಜೋರಾಗಿ ಬೀಸಿದರು.

ಪ್ರಾಣತೋಷ್ ಬಾಬು ಉಂಡರು. ಸೌತೆಕಾಯಿಯನ್ನೂ ಉಂಡರು. ಪಕ್ಕದ ಮನೆಯ ಸೊಸೆ ಬಂದು ಪಾತ್ರೆಯನ್ನು ಎತ್ತಿ, ಅಕ್ಕಪಕ್ಕದ ಮನೆಗಳ ಮಕ್ಕಳಿಗೆ ಹಂಚಲು ತೆಗೆದುಕೊಂಡು ಹೊರಟಳು. ಅವಳು ಹೊಸ್ತಿಲ ಹತ್ತಿರ ಹೋಗುವವರೆಗೂ ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಏ ಸೊಸೆ, ನಿಲ್ಲು," ಎಂದರು ಹೈಮವತಿ ದೇವಿ.

ಪಾತ್ರೆಯಿಂದ ಒಂದು ಪಾಂತುವಾ ತೆಗೆದರು. ಅದನ್ನು ಅಂಗೈಯಲ್ಲಿಟ್ಟು, ಒದ್ದೆ ಬಟ್ಟೆ ಹಿಂಡುವಂತೆ ಹಿಂಡಿದರು. ಪಾಕ ಮೊಣಕೈವರೆಗೆ ಇಳಿಯಿತು. ಇನ್ನೊಂದು ಕೈಗೆ ಬದಲಾಯಿಸಿ ಮತ್ತೆ ಹಿಂಡಿದರು. ಕೊನೆಗೆ ಉಳಿದದ್ದು ಅರ್ಧ ಬೆರಳಿನಷ್ಟು ಚಪ್ಪಟೆಯಾದ ಒಂದು ಕಂದು ಮುದ್ದೆ.

"ಮಂದಿರಾ, ನೀನು ಆಕಡೆ ತಿರುಗು. ಇದರಲ್ಲಿ ಸಕ್ಕರೆ ಇಲ್ಲ, ಎಲ್ಲ ತೆಗೆದಿದ್ದೀನಿ. ಬಾಯಿ ತೆಗಿ ನನ್ನಪ್ಪಾ."

ಮಂದಿರಾ ಆಕಡೆ ತಿರುಗಿದಳು. ಪ್ರಾಣತೋಷ್ ಬಾಬು ಬಾಯಿ ತೆರೆದರು. ಸಕ್ಕರೆ ನಿಜವಾಗಿಯೂ ಇರಲಿಲ್ಲ. ಏಲಕ್ಕಿಯೂ ಇರಲಿಲ್ಲ. ಒಂದು ಗಂಟೆ ಉಜ್ಜಿ ತೊಳೆದ ಆ ಕೈಗಳಿಂದ ಹಿಂಡಿಸಿಕೊಂಡು ಬಂದ ಪಾಂತುವಾದಲ್ಲಿ ಇದ್ದದ್ದು ಬರೀ ಕೆಂಪು ಸೋಪಿನ ರುಚಿ. ಮೂಗಿನಲ್ಲಿ ನೊರೆ ಏರಿದಂತಾಯಿತು. ಅವರು ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು, ನುಂಗಿದರು.

"ಹೇಗಿದೆ?" ಎಂದರು ಹೈಮವತಿ ದೇವಿ, ಬೀಸಣಿಗೆ ನಿಲ್ಲಿಸಿ.

"ಇನ್ನೊಂದು ಕೊಡಿ ಅಮ್ಮ," ಎಂದರು ಪ್ರಾಣತೋಷ್ ಬಾಬು.